ಎರೆಸೀಮೆಯ ಹಾದಿಗಳ ಇತಿಹಾಸವೂ ಭಕ್ತರ ಕರ್ತವ್ಯವೂ

ಉಪೋದ್ಘಾತ

ಜಂಗಮವೆಂಬ ಶಬ್ದಕ್ಕೆ ಚಲಿಸತಕ್ಕದ್ದೆಂಬದೇ ಮೂಲಾರ್ಥವು. ಚಲಿಸತಕ್ಕದ್ದಕ್ಕೆ ಹಾದಿಯು ಬೇಕು. ಮಠಗಳ ಇತಿಹಾಸವನ್ನು ಬರೆಯುವವರು ಗುರುಪರಂಪರೆಯನ್ನೂ, ದತ್ತಿಗಳನ್ನೂ, ಪಾಠಶಾಲೆಯನ್ನೂ, ದಾಸೋಹವನ್ನೂ ವಿಸ್ತಾರವಾಗಿ ವರ್ಣಿಸುವರು. ಆದರೆ ಭಕ್ತನನ್ನು ಈ ಎಲ್ಲದರ ಬಾಗಿಲಿಗೆ ಕರೆತಂದ ಹಾದಿಯ ವಿಷಯದಲ್ಲಿ ಒಂದು ಪುಟವನ್ನಾದರೂ ಬರೆದವರು ವಿರಳ. ಈ ಮಹೋತ್ಸವ ಸಂಪುಟದಲ್ಲಿ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವದೇ ಪ್ರಸ್ತುತ ಲೇಖನದ ಉದ್ದೇಶವಾಗಿರುತ್ತದೆ.

ಇದು ಅಲ್ಪ ವಿಷಯವೆಂದು ವಾಚಕರು ಭಾವಿಸಲಾಗದು. ನಮ್ಮ ಎರೆಸೀಮೆಯಲ್ಲಿ ಜಾತ್ರೆಗಳು ಬಹುಶಃ ಸುಗ್ಗಿಯ ಮುಂದೆ ಹಿಂದೆ, ನೆಲವು ಒಣಗಿ ಗಟ್ಟಿಯಾಗಿರುವ ಕಾಲದಲ್ಲಿ ಜರುಗುವವು. ಆಗ ಪರಸ್ಥಳದಿಂದ ಬಂದ ಶ್ರೀಮಂತ ಭಕ್ತನಿಗೆ ಹಾದಿಯಲ್ಲಿ ಧೂಳಿನ ಹೊರತು ಬೇರೆ ದೋಷವು ಕಾಣದು. ಆದರೆ ಶ್ರಾವಣದಲ್ಲಿ ಪುರಾಣ ಪ್ರವಚನಗಳು ನಡೆಯುವಾಗ ಅದೇ ಹಾದಿಯು ಮೊಣಕಾಲುದ್ದದ ಕೆಸರಾಗಿರುತ್ತದೆ. ಆಗ ಬರುವವರು ಸಮೀಪದ ಹಳ್ಳಿಯ ಬಡವರು, ಮುದುಕರು, ಕೂಸನ್ನೆತ್ತಿಕೊಂಡ ತಾಯಂದಿರು. ದಾನ ಕೊಡತಕ್ಕವನು ಹಾದಿಯನ್ನು ಬೇಸಿಗೆಯಲ್ಲಿ ನೋಡುತ್ತಾನೆ. ಕಷ್ಟಪಡತಕ್ಕವನು ಮಳೆಗಾಲದಲ್ಲಿ ನೋಡುತ್ತಾನೆ. ಕೆಸರುದಾರಿಗಳು ಕೆಸರುದಾರಿಗಳಾಗಿಯೇ ಉಳಿದುದಕ್ಕೆ ಇದೂ ಒಂದು ಕಾರಣವೆಂದು ಹೇಳಬಹುದು. ಹೆರಿಗೆಯ ನೋವಿನಲ್ಲಿರುವ ಹೆಣ್ಣುಮಗಳನ್ನೂ, ಹಾವು ಕಚ್ಚಿದ ಒಕ್ಕಲಿಗನನ್ನೂ ದವಾಖಾನೆಗೆ ಸಾಗಿಸಬೇಕಾದಾಗ ಅರ್ಧ ಮೈಲಿನ ಕೆಸರು ಎಂಥ ಅನರ್ಥಕ್ಕೆ ಕಾರಣವಾಗುವದೆಂಬದನ್ನು ಹಳ್ಳಿಯಲ್ಲಿ ಬಾಳಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಪ್ರಾಚೀನರ ಮಾರ್ಗವಿಚಾರ

ಹಾದಿಯ ಚಿಂತೆಯು ನಮ್ಮವರಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳವರೆಗೆ ಕಣ್ಮರೆಯಾಗಿದ್ದು, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ವಿದ್ವಾನ್ ಆರ್. ಶಾಮಶಾಸ್ತ್ರಿಗಳ ದೃಷ್ಟಿಗೆ ಬಿದ್ದು 1909ರಲ್ಲಿ ಅಚ್ಚಾಯಿತೆಂಬದು ಕನ್ನಡಿಗರಿಗೆ ಅಭಿಮಾನದ ಸಂಗತಿಯು. ಆ ಗ್ರಂಥದಲ್ಲಿ ರಥಗಳಿಗೆ ಐದು ಅರತ್ನಿ, ಅಂದರೆ ಮೊಳ, ಅಗಲದ ಹಾದಿಯನ್ನೂ, ದನಗಳಿಗೆ ನಾಲ್ಕು ಅರತ್ನಿಯ ಹಾದಿಯನ್ನೂ, ಸಣ್ಣ ಪಶುಗಳಿಗೂ ಮನುಷ್ಯರಿಗೂ ಎರಡು ಅರತ್ನಿಯ ಹಾದಿಯನ್ನೂ ವಿಧಿಸಿದೆ. ಅದಕ್ಕಿಂತಲೂ ವಿಚಾರಾರ್ಹವಾದುದು ದಂಡದ ಪ್ರಕರಣವು. ನಗರದ ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡವಾದರೆ, ಕೆಸರು ನೀರು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ; ರಾಜಮಾರ್ಗದಲ್ಲಿಯಾದರೆ ಅದರ ಇಮ್ಮಡಿ. ಕಸಕ್ಕಿಂತ ನಿಂತ ನೀರೇ ಹಾದಿಗೆ ದೊಡ್ಡ ಶತ್ರುವೆಂಬ ತತ್ತ್ವವು ಈ ದಂಡದ ತಾರತಮ್ಯದಲ್ಲಿಯೇ ಅಡಗಿದೆ. ಈ ತತ್ತ್ವವನ್ನು ವಾಚಕರು ಮರೆಯಬಾರದು. ಮುಂದಿನ ಸಮಸ್ತ ವಿವೇಚನೆಯೂ ಇದರ ಮೇಲೆಯೇ ನಿಂತಿದೆ.

ಅಶೋಕ ಚಕ್ರವರ್ತಿಯು ತನ್ನ ಎರಡನೆಯ ಶಿಲಾಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗುವಂತೆ ದಾರಿಗಳ ಮಗ್ಗುಲಲ್ಲಿ ಬಾವಿ ತೋಡಿಸಿ ಮರ ನೆಡಿಸಿದುದನ್ನು ಹೇಳಿಕೊಂಡಿದ್ದಾನೆ. ಆ ಶಾಸನದಲ್ಲಿ ಪಶುವನ್ನು ಮನುಷ್ಯನ ಜೊತೆಯಲ್ಲಿಯೇ ಎಣಿಸಿದ್ದನ್ನು ಲಕ್ಷಿಸಬೇಕು. ಕೆಸರಿನಲ್ಲಿ ಹೂತ ಚಕ್ಕಡಿಯ ಎತ್ತಿಗೆ ಬೀಳುವ ಬಾರುಕೋಲಿನ ಏಟು ಹಾದಿಯನ್ನು ಸರಿಪಡಿಸದ ಮನುಷ್ಯನ ತಪ್ಪಿಗೆ ಮೂಕಪ್ರಾಣಿಯು ತೆರುವ ದಂಡವಲ್ಲದೆ ಮತ್ತೇನು? ಕರ್ಣಾಟಕದಲ್ಲಿ ಐಹೊಳೆಯ ಐನೂರ್ವರೆಂಬ ವರ್ತಕ ಸಂಘದವರು ಎತ್ತು ಕತ್ತೆಗಳ ಮೇಲೆ ಸರಕು ಹೇರಿಕೊಂಡು ದೂರದೇಶಗಳಿಗೆ ಸಂಚರಿಸುತ್ತಿದ್ದರೆಂಬದು ಶಾಸನಗಳಿಂದ ತಿಳಿದುಬರುತ್ತದೆ.

ಶಿವಶರಣರ ಆದರ್ಶ

ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಲೋಕೋಪಕಾರದ ಕಾಮಗಾರಿಗೆ ಸೊನ್ನಲಿಗೆಯ ಸಿದ್ಧರಾಮೇಶ್ವರರಿಗಿಂತ ಹಿರಿಯ ನಿದರ್ಶನವಿಲ್ಲ. ಅವರು ಕೆರೆಯನ್ನು ಕಟ್ಟಿಸಿದ ವೃತ್ತಾಂತವನ್ನು ರಾಘವಾಂಕ ಕವಿಯು ಸಿದ್ಧರಾಮ ಚಾರಿತ್ರದಲ್ಲಿ ಭಕ್ತಿಪೂರ್ವಕವಾಗಿ ಹಾಡಿದ್ದಾನೆ. ಇಂದಿನ ಸೊಲ್ಲಾಪುರದಲ್ಲಿ ನೀರಿನ ನಡುವೆ ನಿಂತ ಸಿದ್ಧೇಶ್ವರ ದೇವಾಲಯವು ಆ ಪುಣ್ಯಕಾರ್ಯದ ಸ್ಮಾರಕವಾಗಿದೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಮಣ್ಣು ಕಲ್ಲುಗಳ ಕೆಲಸದಲ್ಲಿಯೇ ಮಗ್ನರಾಗಿದ್ದ ಸಿದ್ಧರಾಮರನ್ನು ಒಡ್ಡರಾಮನೆಂದು ಕರೆದರೆಂದು ಶೂನ್ಯಸಂಪಾದನೆಯ ಕಥೆಯು ಹೇಳುತ್ತದೆ. ಪ್ರಭುಗಳು ಖಂಡಿಸಿದುದು ಕೆರೆಯನ್ನಲ್ಲ, ನಾನು ಕಟ್ಟಿಸಿದೆನೆಂಬ ಅಹಂಭಾವವನ್ನು. ಕೆಲಸವು ಉಳಿಯಬೇಕು, ಹೆಸರು ಅಳಿಯಬೇಕು. ಇದೇ ಆ ಪ್ರಸಂಗದ ಸಾರವು.

ಮಿತವ್ಯಯದ ಪಾಠಕ್ಕಾದರೋ ಆಯ್ದಕ್ಕಿಯ ಲಕ್ಕಮ್ಮನವರೇ ಗುರುಗಳು. ಮಾರಯ್ಯನವರು ನಿತ್ಯದ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಚೆಲ್ಲಿ ಬರಬೇಕೆಂದು ಆ ಮಹಾತಾಯಿಯು ಪತಿಯನ್ನು ಎಚ್ಚರಿಸಿದರು. ಬೇಕಾದುದಕ್ಕಿಂತ ಹೆಚ್ಚನ್ನು ಕೂಡಿಹಾಕುವದು ದೋಷವು. ಅದರಂತೆಯೇ ಸಮಾಜದ ಹಣವನ್ನು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಸುರಿಯುವದೂ ದೋಷವೇ ಸರಿ.

ಎರೆಮಣ್ಣಿನ ಸ್ವಭಾವ

ಇನ್ನು ನಮ್ಮ ಸೀಮೆಯ ಹಾದಿಗಳಿಗೇ ಏಕೆ ಈ ವಿಶೇಷ ಸಂಕಟವೆಂಬದನ್ನು ವಿಚಾರಿಸೋಣ. ಮಸಾರಿ ನೆಲದಲ್ಲಿ ಮಳೆಯು ಬಂದು ಹೋದ ಮರುದಿನವೇ ಕಾಲು ನಿಲ್ಲುತ್ತದೆ. ಎರೆಯಲ್ಲಿ ವಾರವಾದರೂ ನಿಲ್ಲದು. ಎರೆಮಣ್ಣಿನಲ್ಲಿ ನೀರನ್ನು ಹೀರಿ ಉಬ್ಬುವ ಒಂದು ಜಾತಿಯ ಅತಿಸೂಕ್ಷ್ಮವಾದ ಜೇಡಿಯು ಹೇರಳವಾಗಿದೆ. ಮಳೆಯಲ್ಲಿ ಅದು ಉಬ್ಬಿ ಬೆಣ್ಣೆಯಂತಾಗುತ್ತದೆ; ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆ ಬಿರುಕುಗಳೊಳಗಿಂದ ಮುಂದಿನ ವರ್ಷದ ಮೊದಲ ಮಳೆಯು ನೇರವಾಗಿ ಆಳಕ್ಕಿಳಿಯುತ್ತದೆ. ಜೋಳ, ಹತ್ತಿ, ಕಡಲೆಗಳನ್ನು ಹಿಂಗಾರಿನಲ್ಲಿ ಹಸಿಯಿಂದಲೇ ಬೆಳೆಯಿಸುವ ಗುಣವು ಯಾವದೋ, ಹಾದಿಯನ್ನು ಕೆಡಿಸುವ ಗುಣವೂ ಅದೇ. ಭೂಮಿತಾಯಿಯ ಒಂದೇ ಕೈಯಲ್ಲಿ ವರವೂ ಶಾಪವೂ ಇವೆಯೆನ್ನಬೇಕು.

ಇಂಥ ಕೆಸರಿನಲ್ಲಿ ದೊಡ್ಡ ಕಲ್ಲುಗಳನ್ನೂ ಬಿದ್ದ ಮನೆಯ ಇಟ್ಟಂಗಿಯನ್ನೂ ತಂದು ಸುರಿಯುವದು ಸಾಮಾನ್ಯ ರೂಢಿ. ಒಂದು ಮಳೆಗಾಲ ಕಳೆಯುವದರೊಳಗೆ ಕಲ್ಲು ಕೆಳಗಿಳಿಯುತ್ತದೆ, ಜೇಡಿಯು ಸಂದುಗಳಲ್ಲಿ ಮೇಲೇರುತ್ತದೆ. ಮರುವರ್ಷ ಮತ್ತೆ ಕಲ್ಲು. ಹೀಗೆ ವ್ಯಯವಾದ ಹಣವು ನೀರಿನಲ್ಲಿ ಹೋಮ ಮಾಡಿದಂತೆ. ದೋಷವು ಕಲ್ಲಿನದಲ್ಲ, ಕಲ್ಲಿಗಿಂತ ಮೊದಲು ನೀರಿಗೆ ದಾರಿ ಮಾಡಿಕೊಡದ ನಮ್ಮದು.

ಎತ್ತಿನ ಹೇರಿನಿಂದ ಖಡಿಯ ರಸ್ತೆಗೆ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೂ ನಮ್ಮ ನಾಡಿನ ಬಹುಭಾಗದಲ್ಲಿ ಗಾಡಿಯ ರಸ್ತೆಗಳು ವಿರಳವಾಗಿದ್ದವು. ಉಪ್ಪನ್ನೂ ಧಾನ್ಯವನ್ನೂ ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ಸಾಗಿಸುತ್ತಿದ್ದರು. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರಬೇಕಾಗಿತ್ತು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ಹೋಗದಾದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದು, ಹತ್ತಿಯ ರಸ್ತೆಗಳ ಮೇಲೆ ಸರಕಾರದ ಲಕ್ಷ್ಯವು ಬಿದ್ದಿತು. ವ್ಯಾಪಾರಕ್ಕೆ ಬೇಕಾದ ಹಾದಿಗೆ ಹಣವು ಬಂತು. ಹಳ್ಳಿಯಿಂದ ಹಳ್ಳಿಗೆ ಹೋಗುವ ಹಾದಿಯು ಇದ್ದಂತೆಯೇ ಇತ್ತು. ಮುಂಬಯಿ ಇಲಾಖೆಯಲ್ಲಿ 1869ರ ಲೋಕಲ್ ಫಂಡ್ ಕಾಯಿದೆಯ ಮೇರೆಗೆ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಪಟ್ಟಿಯನ್ನೆತ್ತಿ ರಸ್ತೆಗಳಿಗೂ ಶಾಲೆಗಳಿಗೂ ವಿನಿಯೋಗಿಸುವ ಕ್ರಮವು ಬಂದಿತು.

ಅನಂತರ ಬಂದುದು 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮವು. ಹಸಿದವರಿಗೆ ಅನ್ನಕ್ಕೆ ಪ್ರತಿಯಾಗಿ ಕಲ್ಲು ಒಡೆಯುವ, ಮಣ್ಣು ಹೊರುವ ಕೆಲಸವನ್ನು ಕೊಡಲಾಯಿತು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು 1877ರಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೊಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದುದು ಇತಿಹಾಸದಲ್ಲಿ ಕುಪ್ರಸಿದ್ಧವಾಗಿದೆ. ಒಂದು ಪೌಂಡು ಎಂದರೆ ಅರ್ಧ ಸೇರಿಗೆ ಸಮೀಪದ ತೂಕವು. ಅಷ್ಟನ್ನು ತಿಂದು ದಿನವಿಡೀ ಕಲ್ಲೊಡೆದವರ ಬೆವರು ನಮ್ಮ ನಾಡಿನ ರಸ್ತೆಗಳ ತಳದಲ್ಲಿ ಬೆರೆತಿದೆ. ಹಾದಿಯನ್ನು ಅಗ್ಗವಾಗಿ ಮಾಡುವದೆಂದರೆ ಬಡವನ ಕೂಲಿಯನ್ನು ಕಡಿಯುವದೆಂದು ತಿಳಿಯಬಾರದೆಂಬ ಎಚ್ಚರಿಕೆಯನ್ನು ಈ ಪ್ರಸಂಗವು ಕೊಡುತ್ತದೆ. ಅಗ್ಗವಾಗಬೇಕಾದುದು ಯುಕ್ತಿಯಿಂದ, ಅನ್ಯಾಯದಿಂದಲ್ಲ.

ಪರದೇಶದ ಮಾರ್ಗಶಿಲ್ಪಿಗಳು

ಕೆಸರಿನ ಕಷ್ಟವು ನಮಗೊಬ್ಬರಿಗೇ ಬಂದುದಲ್ಲ. ಇಂಗ್ಲಂಡದಲ್ಲಿ 1555ರ ಕಾನೂನಿನಂತೆ ಪ್ರತಿ ಊರಿನವರೂ ವರ್ಷಕ್ಕೆ ನಾಲ್ಕು ದಿವಸ ತಮ್ಮ ಊರ ಹಾದಿಯಲ್ಲಿ ಬಿಟ್ಟಿ ದುಡಿಯಬೇಕಾಗಿತ್ತು. 1563ರಲ್ಲಿ ಅದು ಆರು ದಿವಸಗಳಾಯಿತು. ಮನಸ್ಸಿಲ್ಲದವರ ಕೈಯಿಂದ ಬಲಾತ್ಕಾರವಾಗಿ ಮಾಡಿಸಿದ ಕೆಲಸವಾದುದರಿಂದ ಹಾದಿಗಳು ಕೆಟ್ಟೇ ಇದ್ದವು. ಕಡೆಗೆ 1835ರಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿದರು. ಫ್ರಾನ್ಸ್ ದೇಶದಲ್ಲಿಯೂ ಅಂಥದೇ ಬಿಟ್ಟಿಯು ರೈತರನ್ನು ಹಿಂಡುತ್ತಿತ್ತು. ಅಲ್ಲಿ ಟ್ರೆಸಾಗೆ ಎಂಬ ಶಿಲ್ಪಿಯು 1775ರಲ್ಲಿ ಬರೆದ ತನ್ನ ನಿಬಂಧದಲ್ಲಿ ಹೊಸ ಮಾರ್ಗವನ್ನು ತೋರಿದನು. ಕಲ್ಲಿನ ದಪ್ಪವನ್ನು ಹತ್ತಂಗುಲಕ್ಕೆ ಇಳಿಸಿ, ವರ್ಷಕ್ಕೊಮ್ಮೆ ಜನಸಮೂಹವನ್ನು ಕೂಡಿಸುವದಕ್ಕೆ ಬದಲಾಗಿ ಹಾದಿಯನ್ನು ತುಂಡು ತುಂಡಾಗಿ ಹಂಚಿ, ಒಂದೊಂದು ತುಂಡಿಗೆ ಕೂಲಿ ಪಡೆಯುವ ಒಬ್ಬೊಬ್ಬ ಕಾಯಂ ಆಳನ್ನು ನೇಮಿಸುವದೇ ಅವನ ಸೂತ್ರವು. ನಿತ್ಯದ ಅಲ್ಪ ಸೇವೆಯು ವರ್ಷದ ಮಹಾಸೇವೆಗಿಂತ ಮೇಲೆಂಬದು ಪೂಜೆಯಲ್ಲಿ ಹೇಗೋ ಹಾದಿಯಲ್ಲಿಯೂ ಹಾಗೆಯೇ.

ಸ್ಕಾಟ್ಲಂಡದ ಜಾನ್ ಲೌಡನ್ ಮ್ಯಾಕ್‌ಆಡಮ್ (1756–1836) ಎಂಬವನು 1816ರಲ್ಲಿ ಬ್ರಿಸ್ಟಲ್ ಸೀಮೆಯ ರಸ್ತೆಗಳ ಮೇಲ್ವಿಚಾರಕನಾದನು. ಭಾರವನ್ನು ಹೊರತಕ್ಕದ್ದು ಕಲ್ಲಲ್ಲ, ಕೆಳಗಿನ ಸಹಜವಾದ ನೆಲವೇ; ಆ ನೆಲವನ್ನು ಒಣಗಿದ್ದಂತೆ ಇಟ್ಟರೆ ಎಂಥ ಭಾರವನ್ನಾದರೂ ಅದು ಹೊರುವದು; ಮೇಲಿನ ಕಲ್ಲು ನೆಲಕ್ಕೆ ನೀರು ತಾಗದಂತೆ ಹೊದಿಸಿದ ಮಾಡು ಮಾತ್ರ. ಇದು ಅವನ ಸಿದ್ಧಾಂತವು. ಆದುದರಿಂದ ಅವನು ರಸ್ತೆಯ ತಳವನ್ನು ಅಗೆದು ತಗ್ಗು ಮಾಡದೆ ಸುತ್ತಲಿನ ನೆಲಕ್ಕಿಂತ ಎತ್ತರಿಸಿ, ಆರು ಔನ್ಸಿಗಿಂತ ಹೆಚ್ಚು ತೂಗದ ಸಣ್ಣ ಖಡಿಯನ್ನು ಹರಡಿಸಿದನು. ಮೂವತ್ತಡಿ ಅಗಲದ ಖಡಿಯ ರಸ್ತೆಗೆ ನಡುವೆ ಮೂರಂಗುಲದ ಏರು ಸಾಕೆಂದನು. ಅವನ ಸಮಕಾಲೀನನಾದ ಥಾಮಸ್ ಟೆಲ್‌ಫರ್ಡನು ದೊಡ್ಡ ಕಲ್ಲಿನ ಭದ್ರವಾದ ತಳವನ್ನು ಹಾಕಿಸುತ್ತಿದ್ದನು. ಅದು ಹೆಚ್ಚು ದೃಢವೂ ಹೆಚ್ಚು ದುಬಾರಿಯೂ ಆಗಿತ್ತು.

ಕಲ್ಲಿಗೂ ಗತಿಯಿಲ್ಲದವರಿಗೆ ಅಮೇರಿಕೆಯ ಮಿಸ್ಸೂರಿ ಪ್ರಾಂತದ ಡಿ. ವಾರ್ಡ್ ಕಿಂಗ್ ಎಂಬ ಒಕ್ಕಲಿಗನು ಉಪಾಯ ತೋರಿದನು. ಒಂದು ಮರದ ಬೊಡ್ಡೆಯನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಸುಮಾರು ಎರಡೂವರೆ ಅಡಿ ಅಂತರದಲ್ಲಿ ಸಮಾನಾಂತರವಾಗಿ ಜೋಡಿಸಿ, ಕುದುರೆ ಕಟ್ಟಿ ಓರೆಯಾಗಿ ಹಾದಿಯ ಮೇಲೆ ಎಳೆಸಿದನು. ಮಳೆಯು ನಿಂತು ಮಣ್ಣು ಹಸಿಯಾಗಿದ್ದರೂ ಅಂಟದ ಹದದಲ್ಲಿರುವಾಗ ಹೀಗೆ ಎಳೆದರೆ ಗಾಲಿಜಾಡು ಮುಚ್ಚಿ, ಮಗ್ಗುಲಿನ ಮಣ್ಣು ನಡುವಿಗೆ ಸರಿದು, ಹಾದಿಯು ಆಮೆಯ ಬೆನ್ನಿನಂತಾಗುತ್ತದೆ. ಮುಂದಿನ ಮಳೆಯ ನೀರು ನಿಲ್ಲದೆ ಹರಿದುಹೋಗುತ್ತದೆ. 1908ರಲ್ಲಿ ಅಲ್ಲಿಯ ಕೃಷಿ ಇಲಾಖೆಯು ಇದನ್ನು ರೈತರಿಗಾಗಿ ಪುಸ್ತಿಕೆಯಾಗಿ ಅಚ್ಚು ಹಾಕಿಸಿತು. ನಮ್ಮ ಒಕ್ಕಲಿಗರು ಹೊಲದಲ್ಲಿ ಹೊಡೆಯುವ ಕೊರಡಿಗೂ ಇದಕ್ಕೂ ಎಷ್ಟರ ಭೇದ? ಹೊಲಕ್ಕೆ ಹೊಡೆಯುವ ಕೊರಡನ್ನು ಹಾದಿಗೆ ಹೊಡೆಯುವ ಬುದ್ಧಿಯೊಂದೇ ನಮಗೆ ಬೇಕಾದುದು.

ಇಪ್ಪತ್ತನೆಯ ಶತಮಾನದ ಪ್ರಯತ್ನಗಳು

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ (1912–1918) ಗ್ರಾಮಸುಧಾರಣೆಯ ಯೋಜನೆಯೊಂದು ಆರಂಭವಾಗಿ, ಗ್ರಾಮಸ್ಥರು ವಾರಕ್ಕೆ ಅರ್ಧ ದಿನದ ಶ್ರಮವನ್ನು ತಮ್ಮ ಊರಿನ ಕೆಲಸಗಳಿಗೆ ಸ್ವಂತ ಇಚ್ಛೆಯಿಂದ ಕೊಡುವ ಏರ್ಪಾಡಾಯಿತು. ಹಿಂದುಸ್ಥಾನದ ರಸ್ತೆಗಳ ವಿಚಾರಕ್ಕಾಗಿ 1927ರಲ್ಲಿ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಸೂಚನೆಯಂತೆ 1929ರಲ್ಲಿ ಪೆಟ್ರೋಲಿನ ಸುಂಕದಿಂದ ಕೇಂದ್ರ ರಸ್ತೆ ನಿಧಿಯೂ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಶಿಲ್ಪಿಗಳ ಸಂಸ್ಥೆಯೂ ಏರ್ಪಟ್ಟವು. 1943ರ ನಾಗಪುರ ಯೋಜನೆಯು ರಸ್ತೆಗಳನ್ನು ವರ್ಗವರ್ಗವಾಗಿ ವಿಂಗಡಿಸಿ, ಒಕ್ಕಲುತನವು ಬೆಳೆದ ಪ್ರದೇಶದಲ್ಲಿ ಯಾವ ಹಳ್ಳಿಯೂ ದೊಡ್ಡ ರಸ್ತೆಯಿಂದ ಐದು ಮೈಲಿಗಿಂತ ದೂರವಿರಬಾರದೆಂಬ ಧ್ಯೇಯವನ್ನಿಟ್ಟಿತು. 2000ದಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಬಯಲುಸೀಮೆಯಲ್ಲಿ ಐದುನೂರು ಜನಸಂಖ್ಯೆಯ ವಸತಿಗಳಿಗೆ ಸರ್ವಋತು ರಸ್ತೆಯನ್ನು ಮುಟ್ಟಿಸಲು ಹೊರಟಿತು. 2005ರ ಉದ್ಯೋಗ ಖಾತರಿ ಕಾಯಿದೆಯ ಕೂಲಿಯಿಂದಲೂ ಹಳ್ಳಿಗಳಲ್ಲಿ ಅನೇಕ ಮಣ್ಣು ರಸ್ತೆಗಳಾದವು. ಇಷ್ಟಾದರೂ ದೊಡ್ಡ ರಸ್ತೆಯಿಂದ ಒಳಗಿನ ತೋಟಪಟ್ಟಿ, ಹೊಲ, ಮಠ, ದೇಗುಲಗಳಿಗೆ ಹೊರಳುವ ಕೊನೆಯ ತುಣುಕು ಎಷ್ಟೋ ಕಡೆ ಯಾರ ಪಟ್ಟಿಯಲ್ಲಿಯೂ ಸೇರದೆ ಉಳಿದಿದೆ. ಕೆಸರು ವಾಸವಾಗಿರುವದು ಆ ಕೊನೆಯ ತುಣುಕಿನಲ್ಲಿಯೇ.

ಅಲ್ಪವ್ಯಯದ ಕ್ರಮ

ಇತಿಹಾಸದಿಂದ ನಿಷ್ಪನ್ನವಾಗುವ ಕ್ರಮವನ್ನು ಈಗ ಸಂಗ್ರಹಿಸಿ ಹೇಳುವೆವು.

ಮೊದಲನೆಯದು ನೋಡುವದು. ಜೋರಾಗಿ ಮಳೆ ಸುರಿಯುವಾಗ ಊರಿನ ತಿಳಿದ ಹಿರಿಯರು ಕೊಡೆ ಹಿಡಿದು ಹಾದಿಯುದ್ದಕ್ಕೂ ನಡೆದು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಅಡ್ಡ ಹಾಯುತ್ತದೆಂಬದನ್ನು ಗುರುತಿಸಿ ಗೂಟ ನೆಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಇದಿಲ್ಲದೆ ಮಾಡಿದ ಖರ್ಚಿಗೆ ಫಲವಿಲ್ಲ.

ಎರಡನೆಯದು ಚರಂಡಿಯು. ಹಾದಿಯ ಎರಡೂ ಮಗ್ಗುಲಿಗೆ ಚರಂಡಿಯನ್ನು ತೋಡಿ, ಆ ಮಣ್ಣನ್ನೇ ನಡುವಿಗೆ ಹಾಕಿ, ಎರೆನೆಲದಲ್ಲಿ ಸುತ್ತಲಿನ ನೀರಿನ ಮಟ್ಟಕ್ಕಿಂತ ಒಂದೂವರೆ ಎರಡು ಅಡಿ ಎತ್ತರಿಸಬೇಕು. ಚರಂಡಿಗೆ ಕೊನೆ ಇರಬೇಕು; ಹಳ್ಳಕ್ಕೋ ಕೆರೆಗೋ ಮುಟ್ಟದ ಚರಂಡಿಯು ಉದ್ದನೆಯ ಹೊಂಡವಲ್ಲದೆ ಚರಂಡಿಯಲ್ಲ. ಮಗ್ಗುಲಿನ ಹೊಲದವರು ತಮ್ಮ ಒಡ್ಡಿನ ನೀರನ್ನು ಹಾದಿಗೆ ತಿರುಗಿಸುವದೂ, ಹಾದಿಯನ್ನು ವರ್ಷವರ್ಷ ಒಂದೊಂದು ಗೇಣು ಉತ್ತು ನುಂಗುವದೂ ಲೋಕರೂಢಿಯಾಗಿದೆ. ಇದನ್ನು ಬಿಡಿಸಲು ಕಚೇರಿಯ ನೋಟೀಸಿಗಿಂತ ಗುರುಗಳ ಸಮ್ಮುಖದ ಮಾತು ಹೆಚ್ಚು ಫಲಕಾರಿಯಾದೀತು. ಹಣವಿಲ್ಲದೆ ಮಠವು ಮಾಡಬಹುದಾದ ಅತಿದೊಡ್ಡ ಉಪಕಾರವು ಇದೇ.

ಮೂರನೆಯದು ಉಬ್ಬು. ಖಡಿಯ ರಸ್ತೆಗಿಂತ ಮಣ್ಣಿನ ಹಾದಿಗೆ ಹೆಚ್ಚು ಉಬ್ಬು ಬೇಕು. ಹನ್ನೆರಡಡಿ ಅಗಲದ ಹಾದಿಗೆ ಅಂಚಿಗಿಂತ ನಡುವು ಮೂರು ಮೂರೂವರೆ ಅಂಗುಲವಾದರೂ ಎತ್ತರವಿರಬೇಕು. ನೀರು ಅಡ್ಡ ಹಾಯುವಲ್ಲಿ ಮೋರಿಯ ಕೊಳವೆಯನ್ನಿಡಬೇಕು. ಅಷ್ಟು ಶಕ್ತಿಯಿಲ್ಲದಿದ್ದರೆ ಬಂಡೆಗಲ್ಲನ್ನು ಹಾಸಿ ನೀರನ್ನು ಮೇಲಿಂದಲೇ ದಾಟಿಸಬೇಕು.

ನಾಲ್ಕನೆಯದು ಗರಸು. ಹತ್ತಡಿ ಅಗಲ, ಆರಂಗುಲ ದಪ್ಪದಂತೆ ಒಂದು ಮೈಲಿಗೆ ಧುಮ್ಮಸಿನಿಂದ ಬಡಿದ ಮೇಲಿನ ಲೆಕ್ಕದಲ್ಲಿ 26,400 ಘನ ಅಡಿ, ಅಂದರೆ 264 ಬ್ರಾಸು ಗರಸು ಬೇಕಾಗುವದು. ಸಡಿಲಾದ ಗರಸು ಇದಕ್ಕಿಂತ ಸುಮಾರು ಕಾಲುಭಾಗ ಹೆಚ್ಚು ಬೇಕು. ಇಷ್ಟು ದೊಡ್ಡ ಮೊತ್ತವನ್ನು ನೋಡಿ ಜನರು ಕೈಬಿಡುವರು. ಆದರೆ ಚರಂಡಿಯೂ ಉಬ್ಬೂ ಸರಿಯಾದ ಮೇಲೆ ಪರೀಕ್ಷಿಸಿದರೆ ನಿಜವಾಗಿ ಹೂಳುವ ಸ್ಥಳಗಳು ಮೈಲಿನ ಐದನೆಯ ಒಂದು ಪಾಲಿಗೆ ಇಳಿಯಬಹುದು. ಹಾಗಾದಲ್ಲಿ 53 ಬ್ರಾಸಿನಲ್ಲಿ ಕೆಲಸವಾಗುವದು. ಮರಡಿಯ ಗರಸನ್ನು ಒಮ್ಮೆಗೇ ಸುರಿಯದೆ ಮೂರು ಮೂರಂಗುಲದ ಎರಡು ಪದರಾಗಿ ಹರಡಿ, ನೀರು ಚಿಮುಕಿಸಿ ಗಟ್ಟಿಯಾಗಿ ಬಡಿಯಬೇಕು. ತೀರ ಕೆಟ್ಟ ಎರೆಯಿದ್ದಲ್ಲಿ ಮೇಲಿನ ಮಣ್ಣಿಗೆ ಸುಣ್ಣವನ್ನು ಬೆರೆಸಿದರೆ ಅದರ ಉಬ್ಬುವ ಗುಣವು ಬಹಳ ತಗ್ಗುತ್ತದೆ. ನೂರು ಪಾಲು ಮಣ್ಣಿಗೆ ಮೂರರಿಂದ ಐದು ಪಾಲು ಸುಣ್ಣವೆಂಬದು ಸಾಮಾನ್ಯ ಪ್ರಮಾಣವು.

ಐದನೆಯದು ನಿತ್ಯಸೇವೆಯು. ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳು ತೆಗೆಯುವದು, ಪ್ರತಿ ದೊಡ್ಡ ಮಳೆಯ ತರುವಾಯ ಹದ ನೋಡಿ ಕೊರಡು ಹೊಡೆಯುವದು, ಕೆಸರಿನಲ್ಲಿ ಟ್ರ್ಯಾಕ್ಟರುಗಳನ್ನು ಹಾಯಿಸದಿರುವದು, ಗಾಲಿಜಾಡು ಅಂಗುಲದಷ್ಟಿರುವಾಗಲೇ ಮುಚ್ಚುವದು. ಇವನ್ನು ಬಿಟ್ಟರೆ ಮೊದಲಿನ ನಾಲ್ಕೂ ಮೂರು ವರ್ಷಗಳೊಳಗೆ ವ್ಯರ್ಥವಾಗುವವು.

ಉಪಸಂಹಾರ

ಮಹೋತ್ಸವದ ಕಾಲದಲ್ಲಿ ಕಮಾನು ಕಟ್ಟಿಸುವ ದಾನಿಗಳು ಸುಲಭವಾಗಿ ದೊರೆಯುವರು. ಮೋರಿ ಕಟ್ಟಿಸುವವರು ದೊರೆಯುವದು ಕಷ್ಟ. ಕಮಾನಿನ ಮೇಲೆ ಹೆಸರು ಬರೆಯಿಸಬಹುದು. ಚರಂಡಿಯ ಮೇಲೆ ಬರೆಯಿಸಲಾಗದು. ಅಲ್ಲಮಪ್ರಭುಗಳು ಸಿದ್ಧರಾಮೇಶ್ವರರಿಗೆ ಕೊಟ್ಟ ಉಪದೇಶವನ್ನು ನೆನೆದರೆ, ಹೆಸರಿಗೆ ಎಡೆಯಿಲ್ಲದಿರುವದೇ ಈ ಸೇವೆಯ ಹೆಚ್ಚಳವೆಂದು ತಿಳಿದೀತು. ಬಲಾತ್ಕಾರದ ಬಿಟ್ಟಿಯಿಂದ ಇಂಗ್ಲಂಡದ ಹಾದಿಗಳು ನೆಟ್ಟಗಾಗಲಿಲ್ಲ. ಹಸಿದವನ ಬೆವರಿನಿಂದಾದ ರಸ್ತೆಯು ನಮಗೆ ಹೆಮ್ಮೆಯನ್ನು ತರಲಿಲ್ಲ. ಸ್ವೇಚ್ಛೆಯಿಂದ ಮಾಡಿದ ಕಾಯಕ, ದುಡಿದವನಿಗೆ ನ್ಯಾಯವಾದ ಕೂಲಿ, ನೀರಿಗೆ ಮೊದಲ ಲಕ್ಷ್ಯ, ನಿತ್ಯವೂ ಅಲ್ಪ ಸೇವೆ. ಈ ನಾಲ್ಕು ಕೂಡಿದಲ್ಲಿ ಹಣವು ಸ್ವಲ್ಪವೇ ಇದ್ದರೂ ಹಾದಿಯು ನಿಲ್ಲುತ್ತದೆ.

ಶ್ರೀಮಠದ ಸದ್ಭಕ್ತರು ತಮ್ಮ ತಮ್ಮ ಊರಿನ ಹಾದಿಯಲ್ಲಿ ಒಂದೊಂದು ತುಂಡನ್ನು ಓಣಿ ಓಣಿಯವರು ಹಂಚಿಕೊಂಡು, ಆ ಚರಂಡಿಯನ್ನು ತಮ್ಮ ಮನೆಯ ಅಂಗಳದಂತೆ ಕಾಯ್ದುಕೊಳ್ಳಲಿ. ಮುಂದಿನ ಶ್ರಾವಣದಲ್ಲಿ ಪುರಾಣ ಕೇಳಲು ಬರುವ ಮುದುಕಿಯು ಕೆರವನ್ನು ಕೈಯಲ್ಲಿ ಹಿಡಿಯದೆ, ಕಾಲಲ್ಲಿ ಮೆಟ್ಟಿಕೊಂಡೇ ಮಠದ ಬಾಗಿಲವರೆಗೆ ಬರುವಂತಾದರೆ ಈ ಮಹೋತ್ಸವವು ಸಾರ್ಥಕವಾಯಿತೆಂದು ಭಾವಿಸುವೆವು.

ಶಿವಾರ್ಪಣಮಸ್ತು.